ಜಪ್ತಿಯಾದ ಮರಳಿಗೂ ಒಂದು ಪಹಣಿ ಬೇಕು

ಹಾವೇರಿ ತಾಲ್ಲೂಕಿನ ಗುತ್ತಲ ಸೀಮೆಗೆ ಪೂರ್ವದಲ್ಲಿ ತುಂಗಭದ್ರೆ ಹರಿಯುತ್ತದೆ. ಸ್ವಲ್ಪ ಕೆಳಗೆ ಗಳಗನಾಥದಲ್ಲಿ ವರದಾ ನದಿ ಅದನ್ನು ಸೇರುತ್ತದೆ. ಎರಡು ನದಿಗಳು ಹೊತ್ತು ತರುವ ಮರಳು ಈ ನೆಲದ ಸಂಪತ್ತೂ ಹೌದು, ಸಂಕಟವೂ ಹೌದು. ಅಕ್ರಮ ಮರಳು ಸಾಗಣೆ, ದಾಳಿ, ವಾಹನ ಜಪ್ತಿ ಎಂಬ ಸುದ್ದಿಗಳು ಹಾವೇರಿ, ರಾಣೆಬೆನ್ನೂರು ಭಾಗದ ಪತ್ರಿಕಾ ಓದುಗರಿಗೆ ಹೊಸತಲ್ಲ. ದಾಳಿಯ ಮರುದಿನ ಚಿತ್ರಸಹಿತ ವರದಿ ಬರುತ್ತದೆ. ಆ ಪ್ರಕರಣ ಕೊನೆಗೆ ಏನಾಯಿತು ಎಂಬುದು ಮಾತ್ರ ಓದುಗರಿಗೆ ತಿಳಿಯುವುದು ಅಪರೂಪ.

ಇದಕ್ಕೆ ಅಧಿಕಾರಿಗಳ ಉದಾಸೀನವೊಂದನ್ನೇ ದೂರುವುದು ಸುಲಭ. ಆದರೆ ಮೂಲ ತೊಡಕು ದಾಖಲೆಯ ವ್ಯವಸ್ಥೆಯಲ್ಲಿದೆ. ಪರಿಸರ ಕಾನೂನು ಉಲ್ಲಂಘನೆಯ ಪ್ರಕರಣವನ್ನು ಆರಂಭದಿಂದ ಅಂತ್ಯದವರೆಗೆ ಹಿಂಬಾಲಿಸುವ ಮಾಹಿತಿ ಕೋಶ ಸಮರ್ಪಕವಾಗಿಲ್ಲದಿದ್ದರೆ ಕಾನೂನು ಎಷ್ಟೇ ಕಠಿಣವಾಗಿದ್ದರೂ ಪ್ರಯೋಜನವಿಲ್ಲ.

ಒಂದು ಟಿಪ್ಪರ್, ನಾಲ್ಕು ಸಂಖ್ಯೆ

ಗುತ್ತಲದ ರಸ್ತೆಯಲ್ಲಿ ರಾತ್ರಿ ಪರವಾನಗಿಯಿಲ್ಲದ ಮರಳಿನ ಟಿಪ್ಪರ್ ಒಂದು ಸಿಕ್ಕಿಬಿತ್ತು ಎನ್ನೋಣ. ಪೊಲೀಸರು ಕಳವಿನ ಮೊಕದ್ದಮೆ ದಾಖಲಿಸಿದರೆ ಅದಕ್ಕೊಂದು ಅಪರಾಧ ಸಂಖ್ಯೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ 22ನೇ ಕಲಮಿನಂತೆ ಅಧಿಕೃತ ಅಧಿಕಾರಿ ಲಿಖಿತ ದೂರು ಸಲ್ಲಿಸದೆ ನ್ಯಾಯಾಲಯ ಆ ಕಾಯ್ದೆಯಡಿಯ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹಾಗಾಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ದೂರಿಗೆ ಇನ್ನೊಂದು ಸಂಖ್ಯೆ. ವಾಹನದ ಮಾಲೀಕ 23ಎ ಕಲಮಿನಡಿ ದಂಡ ಕಟ್ಟಿ ರಾಜಿಯಾದರೆ ಅದು ಇಲಾಖೆಯ ಕಡತದಲ್ಲಿ ಮೂರನೆಯದು. ಹೆಚ್ಚುವರಿ ಭಾರಕ್ಕೆ ಸಾರಿಗೆ ಇಲಾಖೆ ಕ್ರಮ ಕೈಗೊಂಡರೆ ನಾಲ್ಕನೆಯದು. ನದಿಗೆ ಆದ ಹಾನಿಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋದರೆ ಮತ್ತೊಂದು.

ಕಳವಿನ ಅಪರಾಧವೂ ಖನಿಜ ಕಾಯ್ದೆಯ ಅಪರಾಧವೂ ಬೇರೆ ಬೇರೆ, ಎರಡನ್ನೂ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ. ಆದರೆ ಈ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸುವವರು ಯಾರು? ಅದೇ ವಾಹನ ಮೂರು ತಿಂಗಳ ನಂತರ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಮತ್ತೆ ಸಿಕ್ಕರೆ ಅದು ಮೊದಲ ತಪ್ಪೋ ಮೂರನೆಯದೋ ಎಂದು ತಿಳಿಯುವುದು ಹೇಗೆ? ಪುನರಾವರ್ತಿತ ಅಪರಾಧವನ್ನು ಗುರುತಿಸಲು ಮೊದಲ ಅಪರಾಧದ ದಾಖಲೆ ಕೈಗೆ ಸಿಗಬೇಕು. 2015ರ ತಿದ್ದುಪಡಿ ಖನಿಜ ಕಾಯ್ದೆಯ ಶಿಕ್ಷೆಯನ್ನು 5 ವರ್ಷದ ಸೆರೆವಾಸದವರೆಗೆ ಏರಿಸಿತು. ದಾಖಲೆಯ ಜೋಡಣೆ ಇಲ್ಲದೆ ಆ ಏರಿಕೆಯಿಂದ ಹೆಚ್ಚಿನ ಲಾಭವಾಗದು.

ತಂತ್ರಾಂಶಕ್ಕೆ ಬರವಿಲ್ಲ

ಗಣಕೀಕರಣವೇ ಆಗಿಲ್ಲ ಎನ್ನುವಂತಿಲ್ಲ. ಪೊಲೀಸರಿಗೆ ಅಪರಾಧಗಳ ರಾಷ್ಟ್ರೀಯ ಜಾಲವಿದೆ. ನ್ಯಾಯಾಲಯಗಳ ಬಾಕಿ ಪ್ರಕರಣಗಳ ಲೆಕ್ಕ ಕೊಡುವ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲ 2015ರಿಂದ ಸಾರ್ವಜನಿಕರಿಗೆ ತೆರೆದಿದೆ. ಪರಿಸರ ಅನುಮತಿಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಪರಿವೇಶ್ ಜಾಲತಾಣ ತೆರೆಯಿತು. ಆದರೆ ಇವೆಲ್ಲ ಆಯಾ ಇಲಾಖೆಯ ಅಗತ್ಯಕ್ಕೆ ಹುಟ್ಟಿದವು. ಅನುಮತಿ ಕೊಟ್ಟ ದಾಖಲೆ ಒಂದು ಕಡೆ, ಅದನ್ನು ಮೀರಿದ ದಾಖಲೆ ಮತ್ತೊಂದು ಕಡೆ, ಶಿಕ್ಷೆಯ ದಾಖಲೆ ಮಗದೊಂದು ಕಡೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2014ರಿಂದ ತನ್ನ ವಾರ್ಷಿಕ ವರದಿಯಲ್ಲಿ ಪರಿಸರ ಅಪರಾಧಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ನಂತರ ಶಬ್ದ ಮಾಲಿನ್ಯ ಹಾಗೂ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕರಣಗಳೂ ಅದೇ ಲೆಕ್ಕಕ್ಕೆ ಸೇರಿದವು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡಿದವನೂ ನದಿಗೆ ವಿಷ ಬಿಟ್ಟವನೂ ಒಂದೇ ಮೊತ್ತದಲ್ಲಿ ಕಾಣಿಸಿಕೊಂಡರೆ ಆ ಮೊತ್ತ ನದಿಯ ಸ್ಥಿತಿಯನ್ನು ಹೇಳಲಾರದು. ಮಾಲಿನ್ಯ ನಿಯಂತ್ರಣ ಮಂಡಳಿ ನೇರವಾಗಿ ನ್ಯಾಯಾಲಯಕ್ಕೆ ಸಲ್ಲಿಸುವ ದೂರುಗಳು ಪೊಲೀಸರ ಈ ಲೆಕ್ಕಕ್ಕೆ ಬರುವುದೂ ಇಲ್ಲ.

ಕಾನೂನು ಬದಲಾಗಿದೆ

ಮಾಹಿತಿ ಕೋಶದ ಪರಿಷ್ಕರಣೆ ಈಗ ತುರ್ತಾಗಿರುವುದಕ್ಕೆ ಬೇರೆಯೇ ಕಾರಣವಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. ಕಳವಿಗೆ ಶಿಕ್ಷೆ ವಿಧಿಸುತ್ತಿದ್ದ 379ನೇ ಕಲಮು 303(2) ಆಯಿತು. ಹಳೆಯ ಅಪರಾಧಗಳು ಹಳೆಯ ಕಲಮಿನಲ್ಲೇ ಮುಂದುವರಿಯುವುದರಿಂದ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಹುಡುಕಬಲ್ಲ ವ್ಯವಸ್ಥೆ ಬೇಕು.

ಇನ್ನೂ ದೊಡ್ಡ ಬದಲಾವಣೆ ಜನ ವಿಶ್ವಾಸ್ ಕಾಯ್ದೆಯದು. 2023ರ ಈ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ವಾಯು ಕಾಯ್ದೆಯ ಬಹುತೇಕ ಉಲ್ಲಂಘನೆಗಳಿಗೆ ಸೆರೆವಾಸದ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿತು. 2024ರ ಏಪ್ರಿಲ್ 1ರಂದು ಇದು ಜಾರಿಗೆ ಬಂದಿತು. ಜಲ ಕಾಯ್ದೆಗೂ 2024ರಲ್ಲಿ ಇಂಥದೇ ತಿದ್ದುಪಡಿಯಾಯಿತು. ಅದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದ ರಾಜ್ಯಗಳು ವಿಧಾನಮಂಡಲದ ನಿರ್ಣಯದ ಮೂಲಕ ಅದನ್ನು ಒಪ್ಪಿಕೊಳ್ಳಬಹುದು. ದಂಡವನ್ನು ನಿರ್ಧರಿಸುವವರು ನ್ಯಾಯಾಧೀಶರಲ್ಲ, ಸರ್ಕಾರ ನೇಮಿಸುವ ನಿರ್ಣಾಯಕ ಅಧಿಕಾರಿಗಳು.

ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಿಂತ ಬೇಗನೆ ಬೀಳುವ ದಂಡ ಮೇಲು ಎಂಬ ವಾದದಲ್ಲಿ ಹುರುಳಿದೆ. ಆದರೆ ನ್ಯಾಯಾಲಯದ ಪ್ರಕರಣಕ್ಕೆ ಸಂಖ್ಯೆಯಿದೆ, ಮುಂದಿನ ವಿಚಾರಣೆಯ ದಿನಾಂಕವಿದೆ, ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಅಧಿಕಾರಿಯ ಕೊಠಡಿಯಲ್ಲಿ ತೀರ್ಮಾನವಾಗುವ ಪ್ರಕರಣಕ್ಕೂ ಅಷ್ಟೇ ಬೆಳಕು ಸಿಗದಿದ್ದರೆ ಇಂದು ಅರ್ಧ ಕಾಣುವುದು ನಾಳೆ ಪೂರ್ತಿ ಮರೆಯಾದೀತು.

ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2010ರಲ್ಲಿ ಕಾರವಾರ ಬಳಿಯ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಹಡಗೇರಿ ಹೋಯಿತು. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 14 ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಷ್ಟು ದೊಡ್ಡ ರಾಶಿಯೇ ಕಣ್ಮರೆಯಾಗಬಹುದಾದರೆ ನದೀದಂಡೆಯ ನಾಲ್ಕು ಲೋಡು ಮರಳಿನ ಪಾಡೇನು?

ಭೂಮಿ ಕಲಿಸಿದ ಪಾಠ

ಪರಿಹಾರಕ್ಕಾಗಿ ದೂರ ಹೋಗಬೇಕಿಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕವೇ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ ದೇಶಕ್ಕೆ ಮಾದರಿಯಾಯಿತು. ಅದರ ಯಶಸ್ಸು ಕಂಪ್ಯೂಟರಿನಿಂದ ಮಾತ್ರ ಬಂದದ್ದಲ್ಲ. ಪ್ರತಿ ಹೊಲಕ್ಕೂ ಒಂದೇ ಗುರುತು ಇತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶ ಕಟ್ಟಿಹಾಕಿತು. 15 ರೂಪಾಯಿ ಕೊಟ್ಟರೆ ರೈತನ ಕೈಗೆ ಪ್ರತಿ ಸಿಗುತ್ತಿತ್ತು.

ಪರಿಸರ ಪ್ರಕರಣಗಳಿಗೂ ಈ ಮೂರೂ ಬೇಕು. ಮೊದಲ ಜಪ್ತಿಯಂದೇ ಒಂದು ಸಂಖ್ಯೆ ಹುಟ್ಟಿ, ಪೊಲೀಸ್, ಗಣಿ, ಸಾರಿಗೆ ಇಲಾಖೆಗಳ ಹಾಗೂ ನ್ಯಾಯಾಲಯದ ದಾಖಲೆಗಳೆಲ್ಲ ಅದಕ್ಕೆ ಜೋಡಣೆಯಾಗಬೇಕು. ವಾಹನ ಬಿಡುಗಡೆ, ರಾಜಿ, ದಂಡ ವಸೂಲಿ ಇವುಗಳ ಆದೇಶ ಅದರಲ್ಲಿ ನಮೂದಾಗದೆ ಸಿಂಧುವಾಗಬಾರದು. ಕೊನೆಯದಾಗಿ ಜನರು ಅದನ್ನು ಕನ್ನಡದಲ್ಲಿ ಓದುವಂತಿರಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಯಾರೂ ಕೇಳುವ ಮುನ್ನವೇ ಮಾಹಿತಿ ಪ್ರಕಟಿಸಲು 2005ರಿಂದಲೂ ಹೇಳುತ್ತಿದೆ.

ಎಚ್ಚರವೂ ಬೇಕು. ಹಳೆಯ ಪಹಣಿಯ ತಪ್ಪುಗಳು ಗಣಕಕ್ಕೂ ಏರಿ ರೈತರನ್ನು ಅಲೆದಾಡಿಸಿದ್ದು ಎಲ್ಲರಿಗೂ ಗೊತ್ತು. ಆರೋಪಿ ಅಪರಾಧಿಯಲ್ಲ. ಖುಲಾಸೆಯಾದವನ ಹೆಸರಿನ ಮುಂದೆ ‘ವಿಚಾರಣೆಯಲ್ಲಿದೆ’ ಎಂಬ ಒಕ್ಕಣೆ ವರ್ಷಗಟ್ಟಲೆ ಉಳಿದರೆ ಅದೂ ಅನ್ಯಾಯವೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ತೆರೆದ ‘ಎಕೋ’ ಜಾಲತಾಣದಲ್ಲಿ ಪ್ರತಿ ಕಾರ್ಖಾನೆಯ ತಪಾಸಣೆ, ಉಲ್ಲಂಘನೆ, ದಂಡಗಳ ವಿವರ ಸಿಗುತ್ತದೆ. ದಾಖಲೆ ತಪ್ಪಿದ್ದರೆ ತಿಳಿಸುವ ಸೌಲಭ್ಯವೂ ಅಲ್ಲಿದೆ. ನಮ್ಮಲ್ಲೂ ಅದು ಅಗತ್ಯ.

ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ತುಂಗಭದ್ರಾ ತೀರದ ಜನ ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ ಹೋರಾಡಿದರು. ಆಗ ಸತ್ತ ಮೀನುಗಳೇ ಅವರಿಗೆ ಸಾಕ್ಷಿ. ಇಂದು ಮರಳು ಹೋದ ನದಿಗೆ ಅಂಥ ಸಾಕ್ಷಿಯೂ ಇಲ್ಲ. ಹೊಂಡಕ್ಕೆ ನೀರು ತುಂಬಿದರೆ ಗುರುತೇ ಉಳಿಯದು. ಹಾಗಾಗಿ ದಾಖಲೆಯೇ ಸಾಕ್ಷಿಯಾಗಬೇಕಿದೆ. ಮರಳು ಗಣಿಗಾರಿಕೆಯ ಕುರಿತ 2020ರ ಕೇಂದ್ರ ಮಾರ್ಗಸೂಚಿ ಜಿಲ್ಲಾಧಿಕಾರಿ ನೇತೃತ್ವದ ಕಾರ್ಯಪಡೆಗೆ ಮೇಲ್ವಿಚಾರಣೆಯ ಹೊಣೆ ವಹಿಸಿದೆ. ಬಾಕಿ ಕಡತಗಳನ್ನು ಒಂದೆಡೆ ತರುವ ಕೆಲಸ ಹಾವೇರಿಯಲ್ಲಿ ಅಲ್ಲಿಂದಲೇ ಶುರುವಾಗಬಹುದು. ತನ್ನ ಹೊಲದ ಪಹಣಿಯನ್ನು ನೋಡುವಷ್ಟೇ ಸಲೀಸಾಗಿ ಗುತ್ತಲದ ರೈತ ತನ್ನ ನದಿಯ ಮೊಕದ್ದಮೆಯನ್ನೂ ನೋಡುವಂತಾದರೆ ದಾಳಿಯ ಮರುದಿನದ ಸುದ್ದಿಗೆ ಬೆಲೆ ಬರುತ್ತದೆ.