ಸುಟ್ಟ ಕಸವೂ ಮಕ್ಕಳ ಆಟದ ನೆಲವೂ

ಕಸವನ್ನು ಸುಟ್ಟುಬಿಟ್ಟರೆ ಅದು ತೀರಿಹೋಯಿತೆಂದು ನಾವು ಬಹುಕಾಲ ನಂಬಿದ್ದೆವು. ಬೋರ್ಡಿಂಗ್ ಮನೆಯ ಹಿಂದಣ ಗುಂಡಿಯಲ್ಲಿ ಪ್ರತಿ ಶನಿವಾರ ತರಗೆಲೆ, ಕಾಗದ, ಹರಿದ ಚಪ್ಪಲಿ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಕೂಡಿಸಿ ಬೆಂಕಿಯಿಡಿಸಿ, ಆರಿದ ಬೂದಿಯನ್ನು ತರಕಾರಿ ಮಡಿಗಳಿಗೆ ಹಾಕಿಸಿದವರು ನಾವೇ. ಇದನ್ನು ಶುಚಿತ್ವದ ಪಾಠವೆಂದು ಹುಡುಗಿಯರಿಗೆ ಕಲಿಸಿದವರೂ ನಾವೇ. ಆದುದರಿಂದ ಈ ಸ್ಮರಣ ಸಂಚಿಕೆಯ ಸಂತೋಷದ ಲೇಖನಗಳ ನಡುವೆ ಇಂಥ ಅಪ್ರಿಯವಾದ ವಿಷಯವನ್ನು ಎತ್ತುವುದಕ್ಕಾಗಿ ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ನಮ್ಮನ್ನು ಮನ್ನಿಸಬೇಕು.

ನಮ್ಮ ಮನಸ್ಸನ್ನು ಕಲಕಿದ ಸಂಗತಿಯು ಸ್ವಿಟ್ಸರ್ಲೆಂಡಿನದು. 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿಗೆ ತವರಾದ ಆ ದೇಶದ ಹೆಸರು ನಮ್ಮ ಸಭೆಗಳಲ್ಲಿ ಮನೆಮಾತು. ಅಲ್ಲಿಯ ನಿರ್ಮಲತೆಯೂ ಅಷ್ಟೇ ಮನೆಮಾತು. ಆ ದೇಶದ ಲೋಸಾನ್ ನಗರದಲ್ಲಿ, ವಾಲೋನ್ ಎಂಬ ಪೇಟೆಯಲ್ಲಿ, 1958ರಿಂದ 2005ರ ವರೆಗೆ ಊರ ಕಸವನ್ನು ಸುಡುವ ಕುಲುಮೆಯೊಂದು ನಡೆಯುತ್ತಿತ್ತು. ಅದು ನಿಂತು ಹದಿನಾರು ವರ್ಷಗಳಾದ ಮೇಲೆ, 2021ರಲ್ಲಿ, ಬಹುಮಟ್ಟಿಗೆ ಆಕಸ್ಮಿಕವಾಗಿಯೇ, ನಗರದ ಮಣ್ಣಿನಲ್ಲಿ ಡಯಾಕ್ಸಿನ್ ಎಂಬ ವಿಷವು ಸೇರಿರುವುದು ತಿಳಿದುಬಂದಿತು. ಚಿಕ್ಕ ಮಕ್ಕಳು ಆಡುವ ನೆಲದಲ್ಲಿ ಕಿಲೋಗ್ರಾಂ ಮಣ್ಣಿಗೆ 20 ನ್ಯಾನೋಗ್ರಾಂ ಮೀರಿದರೆ ಅಪಾಯದ ವಿಚಾರಣೆಯಾಗಬೇಕೆಂದೂ, 100 ಮೀರಿದರೆ ನೆಲವನ್ನೇ ಶುದ್ಧಿಮಾಡಬೇಕೆಂದೂ ಆ ದೇಶದ ಕಟ್ಟಳೆ. ಲೋಸಾನಿನ ಮಣ್ಣಿನಲ್ಲಿ ಅತಿ ಹೆಚ್ಚೆಂದರೆ 640ರ ವರೆಗೆ ಕಂಡುಬಂದಿತು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಇಷ್ಟು ಅಲ್ಪಕ್ಕೆ ಅಂಜುವುದೇಕೆ ಎಂದು ಕೇಳಬಹುದು.

ಡಯಾಕ್ಸಿನನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಕ್ಲೋರಿನ್ ಇರುವ ಪದಾರ್ಥಗಳು ಅರೆಬರೆಯಾಗಿ ಉರಿದು, ಹೊಗೆಯು ತಣಿಯುತ್ತ ಬರುವಾಗ, ಸುಮಾರು 200ರಿಂದ 450 ಡಿಗ್ರಿಗಳ ಶಾಖದಲ್ಲಿ ಇದು ತಾನಾಗಿ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನಲ್ಲಿ ಕರಗದೆ ಮಣ್ಣಿಗೂ ಕೊಬ್ಬಿಗೂ ಅಂಟಿಕೊಳ್ಳುತ್ತದೆ. ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮನುಷ್ಯನ ಶರೀರವನ್ನು ಹೊಕ್ಕರೆ ಅದರ ಅರ್ಧ ಭಾಗ ಹೊರಹೋಗುವುದಕ್ಕೇ ಏಳರಿಂದ ಹನ್ನೊಂದು ವರ್ಷಗಳು ಬೇಕು. ಈ ಕುಲದಲ್ಲಿ ಅತ್ಯಂತ ಕ್ರೂರವಾದುದು ಮನುಷ್ಯರಿಗೆ ಕ್ಯಾನ್ಸರನ್ನು ತರುವಂಥದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ನಿರ್ಣಯಿಸಿತು. ತಾಯಿಯ ಮೊಲೆಹಾಲಿನಲ್ಲಿಯೂ ಇದು ಇಳಿಯುತ್ತದೆಂಬುದನ್ನು ಬರೆಯುವಾಗ ನಮ್ಮ ಕೈ ತಡೆಯಿತು. ಆದರೂ ಮೊಲೆಹಾಲನ್ನು ಬಿಡಿಸಬಾರದೆಂದೇ ವೈದ್ಯರ ಮತವೆಂಬುದನ್ನು ಕೂಡಲೇ ಹೇಳಿಬಿಡುತ್ತೇವೆ.

ಲೋಸಾನಿನ ಅಧಿಕಾರಿಗಳು ವಿಷಯವನ್ನು ಮುಚ್ಚಿಡಲಿಲ್ಲ. ನೆಲದ ನಕ್ಷೆಯನ್ನು ಪ್ರಕಟಿಸಿದರು. ಮಕ್ಕಳ ಆಟದ ಬಯಲುಗಳಲ್ಲಿ ಫಲಕಗಳನ್ನು ನಿಲ್ಲಿಸಿ, ಎಳೆಯರು ಮಣ್ಣನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿರಿ, ಆಡಿದ ಮೇಲೆ ಕೈ ತೊಳೆಸಿರಿ ಎಂದು ಬರೆಯಿಸಿದರು. ಹಿತ್ತಲ ಕೋಳಿಗಳ ಮೊಟ್ಟೆಯನ್ನು ತಿನ್ನಬೇಡಿರೆಂದರು. ಕೋಳಿಯು ನೆಲವನ್ನು ಕೆದಕಿ ಮೇಯುವುದಷ್ಟೆ. ಸೌತೆ, ಕುಂಬಳ ಜಾತಿಯ ಕಾಯಿಗಳನ್ನೂ ಅಲ್ಲಿ ಬೆಳೆದು ತಿನ್ನಬಾರದೆಂದರು, ಏಕೆಂದರೆ ಈ ಬಳ್ಳಿಗಳ ಬೇರು ಬೇರೆ ಗಿಡಗಳಿಗಿಂತ ಹೆಚ್ಚಾಗಿ ಈ ವಿಷವನ್ನು ಮೇಲಕ್ಕೆಳೆಯುತ್ತದೆ.

ಬಿತ್ತುವವನ ಸಾಮ್ಯವನ್ನು ಕಲಿಸುವಾಗ ನಾಲ್ಕು ಬಗೆಯ ನೆಲಗಳನ್ನು ಹುಡುಗಿಯರು ಬೆರಳೆಣಿಸಿ ಹೇಳುತ್ತಾರೆ. ಕಣ್ಣಿಗೆ ಒಳ್ಳೆಯದಾಗಿದ್ದು, ನೂರ್ಮಡಿ ಫಲವನ್ನೂ ಕೊಟ್ಟು, ಆ ಫಲವೇ ಕೆಟ್ಟದ್ದಾಗಿರುವ ಐದನೆಯ ನೆಲವೊಂದನ್ನು ನಮ್ಮ ಕಾಲದವರು ಉಂಟುಮಾಡಿದ್ದೇವೆ.

ನಮ್ಮ ಅಜ್ಜಿಯರು ಬೂದಿಯಿಂದ ಪಾತ್ರೆ ಬೆಳಗಿದರು, ಬದನೆಯ ಗಿಡಕ್ಕೆ ಬೂದಿ ಎರಚಿದರು; ಅದನ್ನು ಮೌಢ್ಯವೆಂದು ನಾವು ಎಣಿಸುವುದಿಲ್ಲ. ಅದು ಕಟ್ಟಿಗೆಯ ಬೂದಿ. ಬೂದಿಯೆಂಬ ಹೆಸರು ಮಾತ್ರ ಉಳಿದು ಪದಾರ್ಥವು ಬದಲಾಗಿರುವುದನ್ನು ನಾವು ಗಮನಿಸದೆ ಹೋದೆವು. ಅಂಗಳದ ಮೂಲೆಯಲ್ಲಿ ಮನೆಕಸವನ್ನು ಸುಟ್ಟರೆ, ಸುಸಜ್ಜಿತವಾದ ಕುಲುಮೆಗಿಂತ ತೂಕಕ್ಕೆ ತೂಕ ಬಹಳ ಹೆಚ್ಚು ಡಯಾಕ್ಸಿನ್ ಹುಟ್ಟುತ್ತದೆ. ಬಯಲಿನಲ್ಲಿ ಕಸ ಸುಡುವವರಿಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಡಿಸೆಂಬರಿನಲ್ಲಿ 5,000 ರೂಪಾಯಿ ದಂಡವನ್ನು ವಿಧಿಸಿತು. ಆ ದಂಡಕ್ಕೆ ನಾವೂ ಎಷ್ಟೋ ಶನಿವಾರ ಪಾತ್ರರಾಗಿದ್ದೆವು.

ಹಾಗಾದರೆ ದೊಡ್ಡ ಕುಲುಮೆಗಳನ್ನೇ ಕಟ್ಟಿಸೋಣವೆಂದು ಕೆಲವರು ಹೇಳುತ್ತಾರೆ. ಬೆಂಗಳೂರಿನ ಕಸದಿಂದ ವಿದ್ಯುತ್ತನ್ನು ಪಡೆಯುವುದಕ್ಕೋಸ್ಕರ ಬಿಡದಿಯಲ್ಲಿ 11.5 ಮೆಗಾವಾಟಿನ ಸ್ಥಾವರವನ್ನು ಕಟ್ಟಲಾಗಿದೆ. ಹೊಸ ಕುಲುಮೆಗಳು ಹಳೆಯವುಗಳಂತಲ್ಲವೆಂಬುದು ನಿಜವೇ. ಹೊಗೆಯನ್ನು 850 ಡಿಗ್ರಿಗೆ ಕಡಿಮೆಯಿಲ್ಲದ ಶಾಖದಲ್ಲಿ ಎರಡು ಸೆಕೆಂಡುಗಳಾದರೂ ಇರಿಸಿ, ಬೇಗನೆ ತಣಿಸಿ, ಇದ್ದಿಲಪುಡಿಯಿಂದ ಸೋಸಿದರೆ ವಿಷವು ಬಹುಮಟ್ಟಿಗೆ ಅಳಿಯುತ್ತದೆ. ಲೋಸಾನಿನ ಮಾಲಿನ್ಯದ ಹೆಚ್ಚಿನ ಭಾಗವೂ ಸೋಸುವ ಏರ್ಪಾಡು ಸುಧಾರಿಸಿದ 1982ಕ್ಕೆ ಹಿಂದಿನದೆಂದೇ ಅಲ್ಲಿಯವರ ಊಹೆ. ಆದರೆ ನಮ್ಮ ಕಸವು ಹಸಿಯಾದುದು. ಅನ್ನ, ಸಿಪ್ಪೆ, ಮಳೆನೀರು ಎಲ್ಲವೂ ಅದರಲ್ಲುಂಟು. ಒದ್ದೆ ಕಟ್ಟಿಗೆಯಿಂದ ಒಲೆ ಹೊತ್ತಿಸಿದ ಯಾವ ಹೆಂಗಸಿಗಾದರೂ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅಲ್ಲದೆ ಹೊಗೆಕೊಳವೆಯಲ್ಲಿ ಡಯಾಕ್ಸಿನನ್ನು ಅಳೆಯುವುದು ಸಾಮಾನ್ಯವಾಗಿ ಯಾವುದೋ ಒಂದು ದಿನದ ಕೆಲವು ತಾಸುಗಳ ಮಾತು. ಮಿಕ್ಕ ದಿನಗಳ ಲೆಕ್ಕವನ್ನು ಬರೆದಿಟ್ಟುಕೊಳ್ಳುವುದು ಸುತ್ತಲಿನ ಮಣ್ಣು.

ಆದುದರಿಂದ ನಾವು ಕೇಳುವುದು ಇಷ್ಟೇ. ಎಲ್ಲಿ ಕುಲುಮೆಯನ್ನು ಕಟ್ಟಿದರೂ, ಬೆಂಕಿ ಹೊತ್ತಿಸುವುದಕ್ಕೆ ಮೊದಲೇ ಸುತ್ತಲಿನ ಶಾಲೆಗಳ ಆಟದ ಬಯಲು, ಹಿತ್ತಲು, ಹೊಲಗಳ ಮಣ್ಣನ್ನು ಪರೀಕ್ಷಿಸಲಿ. ಆ ಬಳಿಕ ಕೆಲವು ವರ್ಷಗಳಿಗೊಮ್ಮೆ ಪುನಃ ಪರೀಕ್ಷಿಸಲಿ. ಫಲಿತಾಂಶವನ್ನು ಕನ್ನಡದಲ್ಲಿ, ತಾಯಂದಿರು ಓದಿ ತಿಳಿಯುವಂತೆ, ಶಾಲೆಯ ಬಾಗಿಲಲ್ಲಿಯೇ ಅಂಟಿಸಲಿ. ಖರ್ಚು ಬಹಳವೆಂಬ ಉತ್ತರ ಬರುವುದು ನಮಗೆ ಗೊತ್ತು. ಲೋಸಾನಿನವರು ಈಗ ತೆರುತ್ತಿರುವುದು ಇದಕ್ಕಿಂತ ದೊಡ್ಡ ಖರ್ಚು.

ನಮ್ಮ ಗುಂಡಿಯನ್ನು ಕಳೆದ ಜೂನ್ ತಿಂಗಳಲ್ಲಿ ಮುಚ್ಚಿಸಿದೆವು. ತರಗೆಲೆಯನ್ನು ಈಗ ಗೊಬ್ಬರಕ್ಕೆ ಕೊಳೆಯಿಸುತ್ತೇವೆ. ಪ್ಲಾಸ್ಟಿಕನ್ನು ಬೇರೆ ಚೀಲದಲ್ಲಿ ಕಟ್ಟಿ ಮುನಿಸಿಪಾಲಿಟಿಯ ಗಾಡಿಗೆ ಕೊಡುತ್ತೇವೆ. ಬೂದಿ ಹಾಕಿದ್ದ ಮಡಿಗಳ ಮಣ್ಣನ್ನು ಪರೀಕ್ಷೆ ಮಾಡಿಸುವಷ್ಟು ಹಣವು ಶಾಲೆಯ ನಿಧಿಯಲ್ಲಿ ಇನ್ನೂ ಕೂಡಿಲ್ಲ. ಅಲ್ಲಿಯ ತನಕ ಅಲ್ಲಿ ದಾಸವಾಳವನ್ನು ನೆಟ್ಟಿದ್ದೇವೆ. ಬೋರ್ಡಿಂಗಿನ ಅಡಿಗೆಯಮ್ಮನವರು ಈ ವರ್ಷ ಸೌತೇಕಾಯಿಯನ್ನು ಪೇಟೆಯಿಂದ ತರಿಸುತ್ತಿದ್ದಾರೆ.