ಹಳಿ ಪಕ್ಕದಲ್ಲೇ ಇದ್ದರೂ ರೈಲಿಗೆ ಕಾದ ವಿಮಾನ ನಿಲ್ದಾಣ

ದೇವನಹಳ್ಳಿ ಬಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ್ದು 2008ರ ಮೇ ತಿಂಗಳಲ್ಲಿ. ಅದರ ಸಮೀಪದಲ್ಲೇ ಹಾದುಹೋಗುವ ಯಲಹಂಕ-ಚಿಕ್ಕಬಳ್ಳಾಪುರ ರೈಲು ಮಾರ್ಗಕ್ಕೆ ಆ ಹೊತ್ತಿಗಾಗಲೇ ತೊಂಬತ್ತು ವರ್ಷ ದಾಟಿತ್ತು. ಆದರೂ ವಿಮಾನ ನಿಲ್ದಾಣದ ಹೆಸರು ಹೊತ್ತ ನಿಲುಗಡೆಯಿಂದ ನಿತ್ಯದ ರೈಲು ಸಂಚಾರ ಆರಂಭವಾಗಲು 2021ರ ಜನವರಿ 4ರವರೆಗೆ ಕಾಯಬೇಕಾಯಿತು. ಹೊಸ ಹಳಿ ಹಾಕಬೇಕಿರಲಿಲ್ಲ, ಭೂಸ್ವಾಧೀನದ ತಂಟೆಯಿರಲಿಲ್ಲ. ಬೇಕಿದ್ದುದು ಒಂದು ಪ್ಲಾಟ್‌ಫಾರಂ, ಒಂದು ಟಿಕೆಟ್ ಕಿಂಡಿ ಮತ್ತು ಒಂದು ವೇಳಾಪಟ್ಟಿ. ಮೊದಲ ಎರಡನ್ನು ವಿಮಾನ ನಿಲ್ದಾಣ ಸಂಸ್ಥೆಯೇ ತನ್ನ ಖರ್ಚಿನಲ್ಲಿ ಕಟ್ಟಿಸಿಕೊಟ್ಟಿತು. ಎಡವಿದ್ದು ಮೂರನೆಯದರಲ್ಲಿ.

ಈ ಮಾರ್ಗದ ಚರಿತ್ರೆ ಮೈಸೂರು ಸಂಸ್ಥಾನದ ಕಾಲದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಯ ಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಪುಟ್ಟ ರೈಲು ಓಡತೊಡಗಿತು. ಅತ್ತ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ ಇಂಥದ್ದೇ ಹಳಿ ಅದಕ್ಕೂ ಮುನ್ನವೇ ಬಂದಿತ್ತು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಎರಡೂ ಕೂಡಿಕೊಂಡಾಗ ರೇಷ್ಮೆ ಮತ್ತು ತರಕಾರಿಯ ಸೀಮೆಗೆ ತನ್ನದೇ ಆದ ರೈಲುದಾರಿ ದೊರೆಯಿತು. 1990ರ ದಶಕದಲ್ಲಿ ಎರಡೂ ತುದಿಗಳು ಬ್ರಾಡ್‌ಗೇಜ್ ಆದವು. ನಡುವಿನ ಕೋಲಾರ-ಚಿಕ್ಕಬಳ್ಳಾಪುರ ಭಾಗಕ್ಕೆ ಆ ಭಾಗ್ಯ ಸಿಕ್ಕಿದ್ದು 2013ರಲ್ಲಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಕಟ್ಟಡಗಳ ಸಂರಕ್ಷಣೆಗೆ ಇನ್‌ಟ್ಯಾಕ್ ಸಂಸ್ಥೆ ಮುಂದಾದ ಬಳಿಕ ಈ ಚರಿತ್ರೆ ನಗರದವರ ಕಣ್ಣಿಗೂ ಬಿದ್ದಿದೆ.

2021ರಲ್ಲಿ ಸೇರಿಕೊಂಡ ಹೊಸ ನಿಲುಗಡೆ ಇರುವುದು ದೊಡ್ಡಜಾಲ ಮತ್ತು ದೇವನಹಳ್ಳಿಗಳ ನಡುವೆ. ಮೊದಲ ದಿನ ಬೆಂಗಳೂರು ನಗರ ನಿಲ್ದಾಣದಿಂದ ನಸುಕಿನ 4.45ಕ್ಕೆ ಹೊರಟ ರೈಲು 5.50ರ ಸುಮಾರಿಗೆ ಅಲ್ಲಿಗೆ ತಲುಪುವಂತೆ ವೇಳೆ ನಿಗದಿಯಾಗಿತ್ತು. ಟಿಕೆಟ್ ದರ 10ರಿಂದ 15 ರೂಪಾಯಿ. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು ಹತ್ತಿದರೆ ಇನ್ನೂರು ರೂಪಾಯಿಯ ನೋಟು ಸಾಲದು, ಟ್ಯಾಕ್ಸಿಯ ಮಾತಂತೂ ಬೇಡ. ಇಷ್ಟು ಅಗ್ಗದ ಸೌಕರ್ಯಕ್ಕೆ ಜನ ಮುಗಿಬೀಳಬೇಕಿತ್ತು. ಹಾಗಾಗಲಿಲ್ಲ.

ಕಾರಣ ಹುಡುಕಲು ಬಹುದೂರ ಹೋಗಬೇಕಿಲ್ಲ. ನಿಲುಗಡೆಯಿಂದ ಟರ್ಮಿನಲ್‌ಗೆ ಸುಮಾರು ಮೂರೂವರೆ ಕಿಲೋಮೀಟರ್ ದೂರ. ರೈಲಿಳಿದು ಷಟಲ್ ಬಸ್ಸು ಹಿಡಿಯಬೇಕು. ಆರು ಗಂಟೆಗೆ ಪಾಳಿ ಆರಂಭವಾಗುವ ಸಿಬ್ಬಂದಿಗೆ 5.50ಕ್ಕೆ ಬರುವ ರೈಲಿನಿಂದ ಏನು ಪ್ರಯೋಜನ? ಆರಂಭದ ವೇಳಾಪಟ್ಟಿಯಲ್ಲಿ ಭಾನುವಾರ ಈ ರೈಲುಗಳಿಗೆ ರಜೆ. ವಿಮಾನಗಳಿಗೆ ಭಾನುವಾರವೆಂಬುದಿಲ್ಲ ಎಂಬುದು ಪಟ್ಟಿ ಬರೆದವರಿಗೆ ಹೊಳೆದಂತಿಲ್ಲ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕೆಂದಾದರೆ, ಮೂಟೆ-ಪೆಟ್ಟಿಗೆ ಹೊತ್ತ ಪ್ರಯಾಣಿಕ ಆ ಸಾಹಸಕ್ಕೆ ಇಳಿಯುವುದಿಲ್ಲ. ಜನ ಬರುತ್ತಿಲ್ಲವೆಂದು ರೈಲು ಹೆಚ್ಚಿಸುವುದಿಲ್ಲ, ರೈಲು ಹೆಚ್ಚಿಲ್ಲವೆಂದು ಜನ ಬರುವುದಿಲ್ಲ.

ರೈಲ್ವೆಯ ತೊಡಕುಗಳೂ ಸುಳ್ಳಲ್ಲ. ನಿಲುಗಡೆ ತೆರೆದಾಗ ಯಲಹಂಕದಿಂದಾಚೆಗೆ ಇದ್ದುದು ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಕ್ರಾಸಿಂಗ್ ಇರುವ ನಿಲ್ದಾಣದಲ್ಲೇ ನಿಲ್ಲಬೇಕು. ರೈಲ್ವೆಯ ಪರಿಭಾಷೆಯಲ್ಲಿ ‘ಹಾಲ್ಟ್’ ಎಂದರೆ ಅಂಥ ಹೆಚ್ಚುವರಿ ಹಳಿಯೂ ಸಿಗ್ನಲ್ ವ್ಯವಸ್ಥೆಯೂ ಇಲ್ಲದ ತಾಣ. ಯಲಹಂಕದಿಂದ ಈಚೆಗೆ ಹಿಂದೂಪುರ, ಗುಂತಕಲ್ ದಿಕ್ಕಿನ ದೂರದ ರೈಲುಗಳೂ ಅದೇ ದಾರಿಗೆ ಬಂದು ಸೇರುತ್ತವೆ. ಅವುಗಳ ನಡುವೆ ಲೋಕಲ್ ರೈಲಿಗೆ ಸಂದು ಸಿಗುವುದೇ ಕಷ್ಟ. ಡೀಸೆಲ್ ಗಾಡಿಯ ಕಾಲ ಮುಗಿದು ಮಾರ್ಗ ವಿದ್ಯುದೀಕರಣಗೊಂಡರೂ ಈ ಗಂಟು ಸಡಿಲಾಗುವುದಿಲ್ಲ. ಅದಕ್ಕೆ ಬೇಕಾದುದು ಜೋಡಿ ಹಳಿ.

ಇದಕ್ಕೆ ಉತ್ತರವೆಂದು ತೋರಿಸಲಾಗುತ್ತಿರುವುದು ಉಪನಗರ ರೈಲು ಯೋಜನೆ. 148 ಕಿಲೋಮೀಟರ್‌ಗಳ, 15,767 ಕೋಟಿ ರೂಪಾಯಿಯ ಈ ಯೋಜನೆಗೆ ಕೇಂದ್ರ ಒಪ್ಪಿಗೆ ನೀಡಿದ್ದು 2020ರ ಅಕ್ಟೋಬರ್‌ನಲ್ಲಿ, ಪ್ರಧಾನಿ ಶಂಕುಸ್ಥಾಪನೆ ನೆರವೇರಿಸಿದ್ದು 2022ರ ಜೂನ್‌ನಲ್ಲಿ. ನಾಲ್ಕು ಕಾರಿಡಾರ್‌ಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಡಲಾಯಿತು. ಮೆಜೆಸ್ಟಿಕ್‌ನಿಂದ ಯಲಹಂಕ ಹಾದು ದೇವನಹಳ್ಳಿಗೆ ಹೋಗುವ 41 ಕಿಲೋಮೀಟರ್‌ನ ಸಂಪಿಗೆಯೇ ಪಟ್ಟಿಯಲ್ಲಿ ಮೊದಲನೆಯದು. ಆದರೆ ಕಾಮಗಾರಿ ಮೊದಲು ಕಂಡದ್ದು ಬೈಯಪ್ಪನಹಳ್ಳಿ-ಚಿಕ್ಕಬಾಣಾವರದ ಮಲ್ಲಿಗೆ. ವಿಮಾನ ನಿಲ್ದಾಣದ ದಾರಿಯನ್ನು ಹಿಂದಿನ ಸಾಲಿಗೆ ತಳ್ಳಿದ ಔಚಿತ್ಯವನ್ನು ಯಾರೂ ಜನರಿಗೆ ಮನದಟ್ಟಾಗುವಂತೆ ವಿವರಿಸಿಲ್ಲ.

ಸಿಲ್ಕ್‌ಬೋರ್ಡ್‌ನಿಂದ ಕೆ.ಆರ್.ಪುರ, ಹೆಬ್ಬಾಳಗಳ ಮೂಲಕ ಟರ್ಮಿನಲ್ ಬಳಿಗೇ ಹೋಗುವ 58 ಕಿಲೋಮೀಟರ್‌ನ ಮೆಟ್ರೊ ಮಾರ್ಗಕ್ಕೆ 2021ರಲ್ಲಿ ಕೇಂದ್ರದ ಸಮ್ಮತಿ ದೊರೆತ ಮೇಲೆ, ಹಾಲ್ಟ್‌ನ ಗೊಡವೆ ಇನ್ನೇಕೆ ಎಂಬ ಮಾತೂ ಕೇಳಿಬರುತ್ತದೆ. ನಗರದಿಂದ ವಿಮಾನ ಹಿಡಿಯಲು ಹೋಗುವವರ ಮಟ್ಟಿಗೆ ಅದು ಸರಿಯಿರಬಹುದು. 2024ರಲ್ಲಿ ಈ ವಿಮಾನ ನಿಲ್ದಾಣ ಬಳಸಿದ ಪ್ರಯಾಣಿಕರು ನಾಲ್ಕು ಕೋಟಿಗೂ ಹೆಚ್ಚು. ಅಷ್ಟು ಜನರ ಸರಂಜಾಮು ಹೊರುವವರು, ನೆಲ ಒರೆಸುವವರು, ಕಾವಲು ಕಾಯುವವರು ಎಲ್ಲರೂ ನಗರದವರಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಯಿಂದ ಕೆಲಸಕ್ಕೆ ಬರಬೇಕಾದವರಿಗೆ ಆ ಮೆಟ್ರೊ ಎದುರಾಗುವುದೇ ಇಲ್ಲ. ಅದು ದಕ್ಷಿಣದಿಂದ ಬಂದು ಅಲ್ಲಿಗೇ ನಿಲ್ಲುತ್ತದೆ. ಉತ್ತರ ದಿಕ್ಕಿನಿಂದ ಇರುವ ರೈಲುದಾರಿ 1915ರ ಈ ಹಳಿಯೊಂದೇ. ಅದಕ್ಕಾಗಿ ಸಾವಿರಾರು ಕೋಟಿಯೇನೂ ಬೇಕಿಲ್ಲ. ಬೆಳಗಿನ, ಮಧ್ಯಾಹ್ನದ, ರಾತ್ರಿಯ ಪಾಳಿ ಬದಲಾಗುವ ಹೊತ್ತಿಗೆ ಅರ್ಧ ಗಂಟೆ ಮುಂಚಿತವಾಗಿ ಎರಡೂ ಕಡೆಯಿಂದ ಒಂದೊಂದು ರೈಲು, ಇಳಿದ ಕೂಡಲೇ ಹೊರಡುವ ಬಸ್ಸು, ಇಷ್ಟಕ್ಕೆ ರೈಲ್ವೆ ಮತ್ತು ವಿಮಾನ ನಿಲ್ದಾಣದ ಅಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತರೆ ಸಾಕು.