ಸ್ಪೇನಿಗೆ ಹೊರಟ ಮನೆಮಗಳು

ಕಳೆದ ತಿಂಗಳ ನಮ್ಮ ಬಳಗದ ಸಭೆ ಮುಗಿದು, ಚಹಾದ ಲೋಟಗಳು ಬರಿದಾಗುವ ಹೊತ್ತಿಗೆ, ಡೊಂಬಿವಲಿಯಿಂದ ಬರುವ ಹಿರಿಯ ಸದಸ್ಯರೊಬ್ಬರು ತಮ್ಮ ಮನೆಯ ಚಿಂತೆಯೊಂದನ್ನು ನಮ್ಮ ಮುಂದಿಟ್ಟರು. ಅವರ ಮೊಮ್ಮಗಳಿಗೆ ಇಪ್ಪತ್ತಮೂರು ವರ್ಷ, ಬಿ.ಕಾಂ. ಮುಗಿಸಿದ್ದಾಳೆ. ಒಂದು ವರ್ಷದ ಮಟ್ಟಿಗೆ ಸ್ಪೇನಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಉನ್ನತ ವ್ಯಾಸಂಗಕ್ಕಲ್ಲ, ಕಂಪನಿಯ ನೌಕರಿಗೂ ಅಲ್ಲ. ಮ್ಯಾಡ್ರಿಡಿನ ಒಂದು ಕುಟುಂಬದ ಮನೆಯಲ್ಲಿದ್ದುಕೊಂಡು, ಅವರ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತ, ಸ್ಪ್ಯಾನಿಷ್ ಕಲಿಯಲಿಕ್ಕೆ. ಇದಕ್ಕೆ ‘ಓ ಪೇರ್’ ಎಂದು ಹೆಸರು. “ಪರದೇಶದವರ ಮಕ್ಕಳ ಮೂಗು ಒರೆಸಲಿಕ್ಕೆ ಇವಳನ್ನು ಇಷ್ಟು ಓದಿಸಿದೆವೇ?” ಎಂಬುದು ಹುಡುಗಿಯ ತಂದೆಯ ಪ್ರಶ್ನೆ. “ಆ ಮನೆಯವರು ವಿಡಿಯೊ ಕರೆಯಲ್ಲಿ ಮಾತಾಡಿದ್ದಾರೆ, ಅಜ್ಜಾ. ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ ಎಂದಿದ್ದಾರೆ” ಎಂಬುದು ಅವಳ ಉತ್ತರ.

ಅಂದು ಸಂಜೆ ನಮ್ಮಲ್ಲಿ ಎರಡು ಪಕ್ಷಗಳಾದವು. ಮನೆಗೆ ಮರಳಿದ ಮೇಲೂ ಆ ಮಾತು ನಮ್ಮನ್ನು ಬಿಡಲಿಲ್ಲ. ಈಗ ನಮಗನ್ನಿಸುವುದು ಇಷ್ಟು: ತಂದೆಯ ಪ್ರಶ್ನೆಯನ್ನು ನಾವು ಒಪ್ಪಲಾರೆವು, ಮಗಳ ಉತ್ತರವನ್ನು ನೆಚ್ಚಲಾರೆವು.

ಪದದ ಮೂಲದಿಂದಲೇ ಆರಂಭಿಸೋಣ. ‘ಓ ಪೇರ್’ ಎಂಬುದು ಫ್ರೆಂಚ್ ನುಡಿಗಟ್ಟು. ‘ಸರಿಸಮನಾಗಿ’ ಎಂದು ಅದರ ಅರ್ಥ. ಸ್ಪೇನಿನ ಕಾನೂನು ಇದನ್ನೇ ‘ಆ ಲಾ ಪಾರ್’ ಎಂದು ಬರೆದುಕೊಂಡಿದೆ. ಮನೆಯವರೊಂದಿಗೆ ಒಂದೇ ಮೇಜಿನಲ್ಲಿ ಉಂಡು, ಒಂದೇ ಸೂರಿನಡಿ ಮಲಗಿ, ಸಂಬಳದ ಬದಲು ಕೈಖರ್ಚಿಗೆಂದು ಒಂದಿಷ್ಟು ಹಣ ಪಡೆದು, ಆ ನಾಡಿನ ಭಾಷೆಯನ್ನೂ ಬದುಕನ್ನೂ ಅರಿಯುವ ಏರ್ಪಾಡು ಇದು. ಇದಕ್ಕೊಂದು ಚೌಕಟ್ಟು ಇರಲೆಂದು ಯುರೋಪ್ ಮಂಡಳಿ 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ಒಂದು ಒಪ್ಪಂದವನ್ನು ರೂಪಿಸಿತು. ಸ್ಪೇನ್ ಅದನ್ನು 1988ರಲ್ಲಿ ಅಂಗೀಕರಿಸಿತು. ಹೋಗುವವರ ವಯಸ್ಸು 17ರಿಂದ 30ರೊಳಗಿರಬೇಕು. ಅವಧಿ ಒಂದು ವರ್ಷ, ಹೆಚ್ಚೆಂದರೆ ಎರಡು. ಮನೆಯ ಕೆಲಸಕ್ಕೆ ನೆರವಾಗುವ ಹೊತ್ತು ಸಾಮಾನ್ಯವಾಗಿ ದಿನಕ್ಕೆ 5 ಗಂಟೆಯನ್ನು ಮೀರಬಾರದು. ವಾರಕ್ಕೊಂದು ಪೂರ್ತಿ ದಿನ ಬಿಡುವು. ತಿಂಗಳಿಗೆ ಒಮ್ಮೆಯಾದರೂ ಆ ಬಿಡುವು ಭಾನುವಾರ ಬರಬೇಕು. ಭಾಷೆಯ ತರಗತಿಗೆ ಹೋಗಲು ಸಮಯವಿರಬೇಕು. ಸಾಧ್ಯವಿದ್ದಲ್ಲಿ ಪ್ರತ್ಯೇಕ ಕೋಣೆ. ಇವೆಲ್ಲ ಮೊದಲೇ ಬರಹದಲ್ಲಿ ಇರಬೇಕು. ಒಪ್ಪಂದದ ಪೀಠಿಕೆ ಇನ್ನೊಂದು ಮಾತನ್ನೂ ಹೇಳುತ್ತದೆ: ಹೀಗೆ ಬಂದವರು ವಿದ್ಯಾರ್ಥಿಗಳೂ ಅಲ್ಲ, ಕೆಲಸಗಾರರೂ ಅಲ್ಲ, ಎರಡರ ಲಕ್ಷಣಗಳನ್ನೂ ಹೊತ್ತ ಬೇರೆಯೇ ಒಂದು ವರ್ಗ. ಇದನ್ನು ಓದಿದಾಗ ನಮಗೆ ತ್ರಿಶಂಕುವಿನ ನೆನಪಾಯಿತು. ಸ್ವರ್ಗವೂ ಅಲ್ಲ, ಭೂಮಿಯೂ ಅಲ್ಲ. ಆದರೆ ನಡುವೆ ನೇತಾಡುವವನ ಕಷ್ಟ ನೇತಾಡುವವನಿಗೇ ಗೊತ್ತು.

ಸ್ಪೇನಿಗೆ ಈ ನಡುವಿನ ಸ್ಥಿತಿ ಹೊಸದಲ್ಲ. 1960ರ ದಶಕದಲ್ಲಿ, ಫ್ರಾಂಕೋನ ಆಳ್ವಿಕೆಯ ಕಾಲದಲ್ಲಿ, ಅಲ್ಲಿನ ಬಡ ಹಳ್ಳಿಗಳಿಂದ ಸಾವಿರಾರು ಹೆಣ್ಣುಮಕ್ಕಳು ಪ್ಯಾರಿಸಿಗೆ ಹೋಗಿ ಶ್ರೀಮಂತರ ಮನೆಗಳಲ್ಲಿ ದುಡಿದರು. ಕಟ್ಟಡಗಳ ತುತ್ತತುದಿಯ, ಸೂರಿನ ಕೆಳಗಿನ ಪುಟ್ಟ ಕೋಣೆಗಳಲ್ಲಿ ಮಲಗಿದರು. 2008ರ ಆರ್ಥಿಕ ಕುಸಿತದ ನಂತರ ಅವರ ಮೊಮ್ಮಕ್ಕಳ ತಲೆಮಾರು, ಕೈಯಲ್ಲಿ ಪದವಿ ಹಿಡಿದುಕೊಂಡೇ, ಲಂಡನ್ ಮತ್ತು ಡಬ್ಲಿನ್ನಿಗೆ ಓ ಪೇರ್‌ಗಳಾಗಿ ಹೊರಟಿತು. ಮಗಳನ್ನು ಕಳಿಸುವ ನೋವನ್ನು ಬಲ್ಲ ದೇಶವೇ ಇಂದು ಬೇರೆಯವರ ಮಗಳನ್ನು ಕರೆಸಿಕೊಳ್ಳುತ್ತಿದೆ. ಪದವೀಧರೆ ಪರರ ಮಕ್ಕಳನ್ನು ನೋಡಿಕೊಳ್ಳುವುದು ಅವಮಾನವೆಂದು ತಿಳಿದಿರುವ ತಂದೆ, ತಮ್ಮಂತೆಯೇ ಕೊರಗಿದ ತಂದೆಯರು ಸ್ಪೇನಿನಲ್ಲೂ ಇದ್ದಾರೆಂದು ತಿಳಿದರೆ ಕೊಂಚ ಸಮಾಧಾನಪಟ್ಟಾರು.

ಇನ್ನು ಭಾಷೆಯ ವಿಷಯ. ಹುಡುಗಿ ಹೊರಟಿರುವುದು ಸ್ಪ್ಯಾನಿಷ್ ಕಲಿಯಲು. ಆದರೆ ಆ ಕುಟುಂಬ ಅವಳನ್ನು ಬಯಸುತ್ತಿರುವುದು ಅವಳ ಇಂಗ್ಲಿಷಿಗಾಗಿ. ಮ್ಯಾಡ್ರಿಡ್ ಪ್ರಾಂತ್ಯದ ಸರ್ಕಾರಿ ಶಾಲೆಗಳಲ್ಲಿ 2004-05ರಿಂದ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪಾಠ ಹೇಳುವ ಯೋಜನೆ ನಡೆಯುತ್ತಿದೆ. ಮನೆಯಲ್ಲೂ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳಲಿ ಎಂಬುದು ಅಲ್ಲಿನ ಮಧ್ಯಮವರ್ಗದ ಆಸೆ. ಇಲ್ಲಿನ ನಮ್ಮ ಆಸೆಗಿಂತ ಅದು ಬೇರೆಯಲ್ಲ. ಹಾಗಾಗಿ “ಮಕ್ಕಳೊಂದಿಗೆ ಸ್ಪ್ಯಾನಿಷ್ ಮಾತಾಡಬೇಡ, ನಿನಗದು ಬರುವುದಿಲ್ಲವೆಂದೇ ಅವರು ತಿಳಿದಿರಲಿ” ಎಂದು ಹೇಳುವ ಮನೆಗಳುಂಟು. ಬಾರ್ಸಿಲೋನಾಕ್ಕೆ ಹೋದವಳ ಪಾಡು ಇನ್ನೂ ಸ್ವಾರಸ್ಯಕರ: ಅಲ್ಲಿ ಶಾಲೆಯ ಭಾಷೆ ಕ್ಯಾಟಲಾನ್, ಬಹಳಷ್ಟು ಮನೆಗಳ ಭಾಷೆಯೂ ಅದೇ. ಮುಂಬಯಿಯ ಕನ್ನಡಿಗರಾದ ನಮಗೆ ಭಾಷೆ ಹೇಗೆ ಬರುತ್ತದೆಂಬುದು ಗೊತ್ತಿದೆ. ಮರಾಠಿ ನಮಗೆ ಬಂದದ್ದು ತರಕಾರಿ ಅಂಗಡಿಯಲ್ಲಿ, ಲೋಕಲ್ ರೈಲಿನಲ್ಲಿ, ನೆರೆಮನೆಯ ಹೊಸ್ತಿಲಲ್ಲಿ. ಬಿಡುವಿದ್ದು, ಹೊರಗೆ ಓಡಾಡಿ, ತಪ್ಪು ಮಾತಾಡಿ, ನಗಿಸಿಕೊಂಡವರಿಗೆ ಮಾತ್ರ ಭಾಷೆ ಒಲಿಯುತ್ತದೆ. ಆದ್ದರಿಂದ 5 ಗಂಟೆಯ ಮಿತಿ, ವಾರದ ಬಿಡುವು, ತರಗತಿಯ ಸಮಯ ಇವು ಆ ಹುಡುಗಿಗೆ ಸಿಗುವ ಸವಲತ್ತುಗಳಲ್ಲ. ಅವಳು ಹೋಗುತ್ತಿರುವುದೇ ಅದಕ್ಕಾಗಿ. ಅದು ತಪ್ಪಿದರೆ ಅವಳು ತನ್ನ ಇಂಗ್ಲಿಷನ್ನು ಅಗ್ಗಕ್ಕೆ ಮಾರಿ ಬರಿಗೈಯಲ್ಲಿ ಮರಳಿದಂತೆ.

ಬಿಡುವು ತಪ್ಪುವುದು ಹೇಗೆ? ಒಮ್ಮೆಗೇ ಅಲ್ಲ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ತಿಂಡಿ ಕೊಟ್ಟು, ಶಾಲೆಗೆ ಬಿಟ್ಟು ಬರುವುದು. ಸಂಜೆ ಕರೆತಂದು ‘ಮೆರಿಯೆಂದಾ’ ಎಂಬ ಸಂಜೆಯ ತಿನಿಸು ಕೊಡುವುದು. ಉದ್ಯಾನಕ್ಕೆ ಒಯ್ಯುವುದು, ಸ್ನಾನ ಮಾಡಿಸುವುದು. ಇಷ್ಟಕ್ಕೇ ಐದು ಗಂಟೆ ತುಂಬುತ್ತದೆ. ಸಸ್ಯಾಹಾರದ ಮನೆಯಲ್ಲಿ ಬೆಳೆದ ಕೈ ಮಗುವಿನ ಬ್ರೆಡ್ಡಿನ ನಡುವೆ ಹಂದಿಯ ಮಾಂಸದ ಹೋಳನ್ನು ಇಡಬೇಕಾಗುತ್ತದೆ. ಇದಕ್ಕೆ ಮನಸ್ಸು ಒಪ್ಪುವುದೇ ಎಂದು ಹುಡುಗಿ ಇಲ್ಲಿಂದ ಹೊರಡುವ ಮುನ್ನವೇ ತನ್ನನ್ನು ಕೇಳಿಕೊಳ್ಳಬೇಕು. ಆ ನಾಡಿನಲ್ಲಿ ರಾತ್ರಿಯೂಟ ಒಂಬತ್ತು, ಹತ್ತು ಗಂಟೆಗೆ. ಊಟವಾದ ಮೇಲೆ ಮನೆಯಾಕೆ ದಣಿದು ಕುಳಿತಿರುವಾಗ, ಮನೆಮಗಳಾದವಳು ತಟ್ಟೆಗಳನ್ನು ಎತ್ತದೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಹೇಗೆ? ಶನಿವಾರ ಅವರಿಬ್ಬರೂ ಗೆಳೆಯರ ಮನೆಗೆ ಹೊರಟಾಗ “ಮಕ್ಕಳು ಮಲಗಿರುತ್ತಾರೆ, ನೀನು ಸುಮ್ಮನೆ ಮನೆಯಲ್ಲಿದ್ದರೆ ಸಾಕು” ಎಂದರೆ ಇಲ್ಲವೆನ್ನುವುದು ಹೇಗೆ? ಕೇಳುವವರು ಕೆಟ್ಟವರಲ್ಲ. ಅವರು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ತಮ್ಮನ್ನೂ ಏಕವಚನದಲ್ಲಿ ‘ತೂ’ ಎಂದೇ ಕರೆ ಎನ್ನುತ್ತಾರೆ. ಹಿರಿಯರನ್ನು ‘ನೀವು’ ಎಂದು ಕರೆದು ಬೆಳೆದ ನಮ್ಮ ಮಕ್ಕಳಿಗೆ ಆ ಏಕವಚನವೇ ಸಮಾನತೆಯಂತೆ ಕಾಣುತ್ತದೆ. ಆದರೆ ಸಲಿಗೆ ಬೇರೆ, ಸರಿಸಮಾನತೆ ಬೇರೆ.

ಇಲ್ಲಿಯೇ ಒಂದು ವಿಪರ್ಯಾಸವನ್ನು ಓದುಗರು ಗಮನಿಸಬೇಕು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಹೊಂಡುರಾಸ್ ಅಥವಾ ನಿಕರಾಗುವಾದಿಂದ ಬಂದ ಹೆಂಗಸೊಬ್ಬಳು ವೃದ್ಧೆಯೊಬ್ಬರ ಆರೈಕೆಗೆಂದು ಮನೆಯಲ್ಲೇ ಉಳಿದು ದುಡಿಯುತ್ತಿರಬಹುದು. ಸ್ಪೇನಿನವರು ಅವಳನ್ನು ‘ಇಂತೆರ್ನಾ’ ಎನ್ನುತ್ತಾರೆ. ಅವಳನ್ನು ಯಾರೂ ಮಗಳೆನ್ನುವುದಿಲ್ಲ; ಆದರೆ ಕಾನೂನು ಅವಳನ್ನು ಕೆಲಸಗಾರಳೆಂದು ಗುರುತಿಸುತ್ತದೆ. 2011ರ ರಾಜಾಜ್ಞೆಯೊಂದು ಮನೆಗೆಲಸದವರ ಹಕ್ಕುಗಳನ್ನು ಗೊತ್ತುಪಡಿಸಿತು. 2022ರಲ್ಲಿ ಅವರಿಗೆ ನಿರುದ್ಯೋಗ ವಿಮೆಯೂ ದೊರೆಯಿತು. ದೇಶದ ಕನಿಷ್ಠ ವೇತನ ಅವರಿಗೂ ಅನ್ವಯಿಸುತ್ತದೆ. 2024ರಲ್ಲಿ ಅದು ವರ್ಷಕ್ಕೆ 14 ಕಂತುಗಳಲ್ಲಿ ತಲಾ 1,134 ಯೂರೋ. ದಾಖಲೆಪತ್ರಗಳಿಲ್ಲದ ಎಷ್ಟೋ ಹೆಂಗಸರಿಗೆ ಇದು ಕೈಗೆ ಸಿಗುವುದಿಲ್ಲ ಎಂಬುದೂ ನಿಜವೇ. ಆದರೂ ಕೇಳಲು ಒಂದು ಹಕ್ಕಿದೆ. ಅದೇ 2011ರ ರಾಜಾಜ್ಞೆ ‘ಆ ಲಾ ಪಾರ್’ ಸಂಬಂಧವನ್ನು ಮಾತ್ರ ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ: ಮಕ್ಕಳನ್ನು ನೋಡಿಕೊಳ್ಳುವುದು, ಭಾಷೆ ಹೇಳಿಕೊಡುವುದು ಮುಂತಾದವಕ್ಕೆ ಪ್ರತಿಯಾಗಿ ಊಟ, ವಸತಿ, ಖರ್ಚಿನ ಹಣವಷ್ಟೇ ದೊರೆಯುವ ಸಂಬಂಧ ಉದ್ಯೋಗವಲ್ಲ ಎಂಬುದು ಅದರ ನಿಲುವು. ಉಳಿದ ಮನೆಗೆಲಸ ಅಲ್ಪಸ್ವಲ್ಪ ಮಾತ್ರ ಇರಬೇಕೆಂಬ ಷರತ್ತನ್ನೂ ಅದು ಹಾಕಿದೆ. ಕೊನೆಗೆ ಆದದ್ದು ಏನು? ಆಳು ಎಂದು ಕರೆಸಿಕೊಂಡವಳಿಗೆ ಕಾನೂನಿನ ಆಸರೆ ಇದೆ. ಮಗಳು ಎಂದು ಕರೆಸಿಕೊಂಡವಳಿಗೆ ಮನೆಯವರ ಒಳ್ಳೆಯತನವೇ ಆಸರೆ. ಆದ್ದರಿಂದಲೇ ‘ಮನೆಮಗಳಂತೆ’ ಎಂಬ ಮಾತನ್ನು ನಾವು ನೆಚ್ಚಲಾರೆವು ಎಂದದ್ದು.

ಹಾಗಾದರೆ ಹೋಗಬಾರದೇ? ಹೋಗಬೇಕು ಎಂದೇ ನಮ್ಮ ಅಭಿಪ್ರಾಯ. ಇಲ್ಲಿ ತಂದೆಯ ಪ್ರಶ್ನೆಗೆ ಉತ್ತರಿಸಬೇಕಾಗಿದೆ. ಮಗುವಿನ ಮೂಗು ಒರೆಸುವ ಕೆಲಸ ಕೀಳೆನ್ನುವ ಅಧಿಕಾರ ಮುಂಬಯಿ ಕನ್ನಡಿಗರಿಗಂತೂ ಇಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಹನ್ನೆರಡು, ಹದಿಮೂರನೆಯ ವಯಸ್ಸಿಗೆ ಕರಾವಳಿಯಿಂದ ಈ ನಗರಕ್ಕೆ ಬಂದು, ಹೋಟೆಲಿನ ಮೇಜು ಒರೆಸಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಅದಕ್ಕೂ ಹಿಂದೆ, ಊರ ಕಡೆ, ವಾರಾನ್ನದ ಹುಡುಗರಿದ್ದರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಉಂಡ ಮನೆಯಲ್ಲಿ ನೀರು ಸೇದಿ, ಮಗುವನ್ನು ಆಡಿಸಿ, ದೀಪದ ಕೆಳಗೆ ಪುಸ್ತಕ ಹಿಡಿದವರು. ಅವರೂ ಪೂರ್ತಿ ವಿದ್ಯಾರ್ಥಿಗಳಲ್ಲ, ಪೂರ್ತಿ ಆಳುಗಳಲ್ಲ. ಇಂದು ಸಭೆಗಳಲ್ಲಿ ಅವರ ನೆನಪನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಗಂಡುಮಕ್ಕಳು ಮಾಡಿದ್ದು ಸಾಹಸ, ಹೆಣ್ಣುಮಗಳು ಮಾಡಹೊರಟದ್ದು ಅವಮಾನ ಎಂಬುದು ಯಾವ ನ್ಯಾಯ? ಆದರೆ ಅದೇ ಹಿರಿಯರು ಸಭೆಯಲ್ಲಿ ಹೇಳದೆ, ಮನೆಯೊಳಗೆ ಮೆಲ್ಲಗೆ ಹೇಳಿದ ಮಾತುಗಳೂ ಇವೆ: ಎರಡನೆಯ ಸಲ ಅನ್ನ ಕೇಳಲು ನಾಚಿದ್ದು, ಜ್ವರ ಬಂದ ದಿನವೂ ಎದ್ದು ನೀರು ಸೇದಿದ್ದು. ಋಣದಲ್ಲಿ ಉಂಡವನಿಗೆ ‘ಇಂದು ಆಗದು’ ಎನ್ನುವ ಬಾಯಿ ಇರುವುದಿಲ್ಲ. ಕೆಲಸದಲ್ಲಿ ಕೀಳುತನವಿಲ್ಲ; ಮೇರೆಯಿಲ್ಲದ ಕೆಲಸದಲ್ಲಿ ಇದೆ.

ಹೀಗೆ ಹೇಳುವಾಗ ನಮ್ಮ ಮನೆಗಳತ್ತಲೂ ಕಣ್ಣು ಹೊರಳಲೇಬೇಕು. ನಮ್ಮ ಫ್ಲ್ಯಾಟುಗಳಲ್ಲಿ ದುಡಿಯುವ ಬಾಯಿಯನ್ನು ನಾವೂ ‘ಮನೆಯವಳ ಹಾಗೆ’ ಎನ್ನುತ್ತೇವೆ. ಅವಳಿಗೆ ಭಾನುವಾರವಿದೆಯೇ? ಜ್ವರ ಬಂದ ದಿನದ ಸಂಬಳ ಕಡಿತವಾಗುತ್ತದೆಯೇ? ಮನೆಗೆಲಸದವರ ಘನತೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಯನ್ನು ಸ್ಪೇನ್ 2023ರಲ್ಲಿ ಅನುಮೋದಿಸಿತು; ಭಾರತ ಅದನ್ನು ಅನುಮೋದಿಸಿಲ್ಲ. ನಮ್ಮ ಮಗಳಿಗೆ ಮ್ಯಾಡ್ರಿಡಿನಲ್ಲಿ ಬರಹದ ಒಪ್ಪಂದ ಬೇಕೆನ್ನುವ ನಾವು, ನಮ್ಮ ಮನೆಗೆ ಬರುವ ಮಗಳಿಗೆ ಬಾಯಿಮಾತಿನಲ್ಲಾದರೂ ಒಂದು ರಜೆಯನ್ನು ಗೊತ್ತುಮಾಡಿದ್ದೇವೆಯೇ? ಈ ಪ್ರಶ್ನೆಯನ್ನು ಕೇಳಿದಾಗ ನಮ್ಮಲ್ಲಿ ಹಲವರು ಸುಮ್ಮನಾದೆವು.

ಹುಡುಗಿಗೆ ನಾವು ಹೇಳುವುದು ಕೆಲವೇ ಮಾತು. ಪ್ರವಾಸಿ ವೀಸಾದಲ್ಲಿ ಬಾ, ಆಮೇಲೆ ನೋಡೋಣ ಎನ್ನುವ ಮನೆಗೆ ಹೋಗಬೇಡ. 90 ದಿನ ದಾಟಿದ ಮೇಲೆ ಅಲ್ಲಿ ನೀನು ಯಾರೂ ಅಲ್ಲ, ದೂರು ಕೊಡಲೂ ಬಾಯಿಲ್ಲ. ದೀರ್ಘಾವಧಿಯ ವೀಸಾ, ಆರೋಗ್ಯವಿಮೆ, ಭಾಷಾಶಾಲೆಯ ಪ್ರವೇಶ ಎಲ್ಲವೂ ಕೈಗೆ ಬಂದ ಮೇಲೆಯೇ ವಿಮಾನದ ಟಿಕೆಟು. ಇಳಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕು. ಪಾಸ್‌ಪೋರ್ಟ್ ನಿನ್ನ ಬಳಿಯೇ ಇರಲಿ, ಜೋಪಾನ ಮಾಡುತ್ತೇವೆ ಎಂದು ಯಾರು ಕೇಳಿದರೂ ಕೊಡಬೇಡ. ಗಂಟೆಗಳು, ಬಿಡುವಿನ ದಿನ, ಕೈಖರ್ಚಿನ ಮೊತ್ತ, ರಾತ್ರಿ ಮಕ್ಕಳನ್ನು ಕಾಯುವ ದಿನಗಳು, ಕಾಯಿಲೆ ಬಿದ್ದರೆ ಏನು ಎಂಬುದು, ಎಲ್ಲ ಬರಹದಲ್ಲಿರಲಿ. ಅವಧಿಯನ್ನು ಗೊತ್ತುಪಡಿಸದ ಏರ್ಪಾಡಾದರೆ, ಸರಿಹೋಗದಿದ್ದಾಗ ಎರಡು ವಾರ ಮುಂಚಿತವಾಗಿ ತಿಳಿಸಿ ಬಿಟ್ಟು ಬರುವ ಅವಕಾಶ ಆ 1969ರ ಒಪ್ಪಂದದಲ್ಲೇ ಇದೆ. ಮರಳಿ ಬರುವ ಟಿಕೆಟಿನಷ್ಟು ಹಣ ನಿನ್ನದೇ ಖಾತೆಯಲ್ಲಿರಲಿ. ತಂದೆಗೆ ನಮ್ಮ ಮಾತು ಒಂದೇ: ಆ ಹಣವನ್ನು ನೀವೇ ಇಡಿ, ಮತ್ತು ಅವಳು ನಡುವೆಯೇ ಮರಳಿದರೆ “ನಾನು ಮೊದಲೇ ಹೇಳಿರಲಿಲ್ಲವೇ” ಎನ್ನಬೇಡಿ. ಆ ಮಾತಿನ ಅಂಜಿಕೆಗೇ ಎಷ್ಟೋ ಹೆಣ್ಣುಮಕ್ಕಳು ಇರಬಾರದ ಮನೆಗಳಲ್ಲಿ ಇದ್ದುಬಿಡುತ್ತಾರೆ.

ಆ ಕುಟುಂಬ ಕಳಿಸಿರುವ ಒಪ್ಪಂದದ ಕರಡನ್ನು ಅಜ್ಜ ಮುಂದಿನ ಸಭೆಗೆ ತರುವುದಾಗಿ ಹೇಳಿದ್ದಾರೆ. ಮೊಮ್ಮಗಳೂ ಬರುತ್ತಾಳೆ, ತಂದೆಯನ್ನು ಕರೆತರಲು ಪ್ರಯತ್ನಿಸುತ್ತಾರಂತೆ. ಕವಿತೆಯ ವಾಚನವನ್ನು ಅರ್ಧ ಗಂಟೆ ಮುಂದೂಡಿ, ಅಂದು ಅದನ್ನು ಸಾಲುಸಾಲಾಗಿ ಕೂಡಿ ಓದೋಣವೆಂದು ನಿಶ್ಚಯಿಸಿದ್ದೇವೆ. ಸ್ಪ್ಯಾನಿಷ್ ಬಲ್ಲ ಸದಸ್ಯರು ಯಾರಾದರೂ ಇದ್ದರೆ ದಯವಿಟ್ಟು ತಪ್ಪದೆ ಬರಬೇಕು.